ಮಂಗಮ್ಮನ ಪಕ್ಕ ತಬರನನ್ನು ಕೂರಿಸುವ ಮುನ್ನ

ಪ್ರೀತಿಯ ಹುಡುಗಿ,

ನಿನ್ನ ಲೇಖನ, ಅದರ ಜೊತೆಗಿದ್ದ ಕಥೆ ಎರಡೂ ತಲುಪಿದವು. ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಮೊಮ್ಮಗಳ ವಯಸ್ಸು ನಿನ್ನದು.

ಮಾಸ್ತಿಯವರ ‘ಮೊಸರಿನ ಮಂಗಮ್ಮ’ನನ್ನೂ ತೇಜಸ್ವಿಯವರ ‘ತಬರನ ಕಥೆ’ಯನ್ನೂ ಅಕ್ಕಪಕ್ಕ ಇಟ್ಟು ಓದಬೇಕು ಅಂತ ನಿನಗೆ ಹೊಳೆಯಿತಲ್ಲ, ಅದು ನನಗೆ ಖುಷಿ ಕೊಟ್ಟಿತು. ಇಷ್ಟು ವರ್ಷ ಓದಿದ ನನಗೆ ಈ ಜೋಡಿ ಹೊಳೆದಿರಲಿಲ್ಲ. ನಿನ್ನ ದೆಸೆಯಿಂದ ಎರಡನ್ನೂ ಕಪಾಟಿನಿಂದ ಇಳಿಸಿ, ಧೂಳು ಹೊಡೆದು, ಮತ್ತೆ ಓದಿದೆ.

ಆದರೆ ಲೇಖನದ ವಿಷಯಕ್ಕೆ ಬಂದರೆ, ನೇರವಾಗಿ ಹೇಳಿಬಿಡುತ್ತೇನೆ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಹೋಲಿಕೆ, ಬಲಕ್ಕೆ ವ್ಯತ್ಯಾಸ ಬರೆದು, ಆಮೇಲೆ ಗೆರೆ ಅಳಿಸಿದ ಹಾಗಿದೆ. ಇಬ್ಬರೂ ಬಡವರು, ಇಬ್ಬರಿಗೂ ವಯಸ್ಸಾಗಿದೆ, ಇಬ್ಬರೂ ನೊಂದವರು. ಒಬ್ಬಳು ಹೆಂಗಸು, ಒಬ್ಬ ಗಂಡಸು. ಜಾತಕ ಹಿಡಿದು ಗುಣ ಕೂಡಿಸಿದ ಹಾಗಾಯಿತು. 36ಕ್ಕೆ 20 ಕೂಡಿತು, ಸರಿ. ಹುಡುಗಿಯ ಮುಖ ನೋಡಿದವರು ಯಾರು?

ಅದರಲ್ಲೂ ಒಂದು ತಪ್ಪಿದೆ. ಮಂಗಮ್ಮ ಬಡವಿ ಅಂತ ಸುಮ್ನೆ ಬರೆದುಬಿಟ್ಟಿದ್ದೀಯ. ಅವಳ ಕೈಯಲ್ಲಿ ಒಂದಿಷ್ಟು ದುಡ್ಡಿತ್ತು ಕಣಮ್ಮ. ಊರಿನ ಆ ರಂಗಪ್ಪ ಅವಳ ಹಿಂದೆ ಸುತ್ತಿದ್ದು ಇನ್ನೇತಕ್ಕೆ? ಸೊಸೆ ನಂಜಮ್ಮನಿಗೆ ಭಯ ಹುಟ್ಟಿದ್ದು ಏತಕ್ಕೆ? ಆ ದುಡ್ಡನ್ನು ಮರೆತರೆ ಅರ್ಧ ಕಥೆ ಕೈ ಬಿಟ್ಟುಹೋಗುತ್ತದೆ. ಮೊದಲು ‘ಬಡವರು’ ಅನ್ನುವ ಚೀಟಿ ಅಂಟಿಸಿ ಆಮೇಲೆ ಕಥೆ ಓದಿದರೆ ಹೀಗೇ ಆಗುವುದು.

ನಿನ್ನ ಲೇಖನದಲ್ಲಿ ನಾನು ಹುಡುಕಿದ್ದು ಆ ಮಕಮಲ್ಲಿನ ರವಕೆಯನ್ನು. ಆರು ಪುಟದಲ್ಲಿ ಒಂದು ಕಡೆಯೂ ಅದು ಸಿಗಲಿಲ್ಲ. ನೆನಪು ಮಾಡಿಕೋ. ಮೊಮ್ಮಗನಿಗೆ ಸೊಸೆ ಹೊಡೆದಳು ಅಂತ ಜಗಳ ಶುರುವಾಯಿತು. ಮಗ ಹೆಂಡತಿ ಕಡೆ ನಿಂತ. ಮಂಗಮ್ಮ ಬೇರೆ ಒಲೆ ಹೂಡಿದಳು. ಈಗ ಅವಳು ಮೊಸರು ಮಾರಿದ ದುಡ್ಡು ಯಾರಿಗೆ? ಯಾರಿಗೂ ಇಲ್ಲ. ಅದಕ್ಕೆ ತನಗೆ ಅಂತ ಒಂದು ಮಕಮಲ್ಲಿನ ರವಕೆ ಹೊಲಿಸಿಕೊಂಡಳು. ಊರು ಆಡಿಕೊಂಡಿತು. ಆ ರವಕೆಯಲ್ಲಿ ಎಷ್ಟು ಸಂಗತಿ ಇದೆ ನೋಡು: ಮಗನ ಮೇಲಿನ ಸಿಟ್ಟಿದೆ, ಒಂಟಿತನ ಇದೆ, ಸ್ವಲ್ಪ ಜಂಬವೂ ಇದೆ. ‘ನಾನೂ ಇದೀನಿ’ ಅನ್ನುವ ಹಟ ಎಲ್ಲಕ್ಕಿಂತ ಜಾಸ್ತಿ. ಮಾಸ್ತಿ ಇದ್ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. ಬಟ್ಟೆ ತೋರಿಸಿ ಮುಂದೆ ಹೋಗುತ್ತಾರೆ.

ಇನ್ನು ತಬರನ ಕಡೆ ತಿರುಗು. ಅವನ ಕಥೆಯಲ್ಲಿ ಆ ರವಕೆಯ ಜಾಗದಲ್ಲಿ ಏನಿದೆ? ಹೆಂಡತಿ ಅಪ್ಪಿಯ ಕಾಲು. ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುವ ಕಾಲು. ಅದನ್ನು ಕತ್ತರಿಸಿದರೆ ಜೀವ ಉಳಿಯುತ್ತದೆ, ಕತ್ತರಿಸಲು ದುಡ್ಡು ಬೇಕು, ದುಡ್ಡು ಬರಬೇಕಾದರೆ ಸರ್ಕಾರಿ ಕೆಲಸದಿಂದ ನಿವೃತ್ತನಾದ ತಬರನ ಪೆನ್ಷನ್ ಕಾಗದ ಸರಿಯಾಗಬೇಕು. ಕೊನೆಗೆ ತಬರ ಕಟುಕನ ಹತ್ತಿರ ಹೋಗಿ ಅವಳ ಕಾಲು ಕತ್ತರಿಸಿಕೊಡು ಅಂತ ಕೇಳುತ್ತಾನೆ. ಈ ಜಾಗ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಲ್ಲುತ್ತೇನೆ. ಅವನಿಗೆ ತಲೆ ಕೆಟ್ಟಿಲ್ಲ, ಅದೇ ಕಷ್ಟ. ಲೆಕ್ಕ ಸರಿಯಾಗಿಯೇ ಇದೆ. ಉಳಿದ ಬಾಗಿಲೆಲ್ಲ ಮುಚ್ಚಿದ ಮೇಲೆ ಆ ಲೆಕ್ಕಕ್ಕೆ ಸಿಗುವ ಉತ್ತರ ಅದೊಂದೇ.

ಒಂದು ರವಕೆ, ಒಂದು ಕಾಲು. ಇವೆರಡನ್ನು ಎದುರುಬದುರು ಇಟ್ಟು ನೋಡಿದಾಗ ನಿನ್ನ ಪಟ್ಟಿಯಲ್ಲಿ ಇಲ್ಲದ ಒಂದು ಹೋಲಿಕೆ ನನಗೆ ಕಂಡಿತು. ಇಬ್ಬರೂ ತಾವೇ ದುಡಿದು ನಿಲ್ಲಿಸಿದ ಮನೆಯಿಂದ ಹೊರಗೆ ಬಿದ್ದವರು. ಮಂಗಮ್ಮನಿಗೆ ಅದು ಮಗನ ಸಂಸಾರ, ತಬರನಿಗೆ ಸರ್ಕಾರ. ತಬರ ಹೊರಗಿನವನಲ್ಲ, ಮರೆಯಬೇಡ. ಜೀವಮಾನವೆಲ್ಲ ಸರ್ಕಾರದ ಕೆಲಸ ಮಾಡಿದವನು. ಈಗ ಅದೇ ಸರ್ಕಾರದ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿದ್ದಾನೆ.

ವ್ಯತ್ಯಾಸವೂ ಇಲ್ಲಿಂದಲೇ ಹುಟ್ಟಬೇಕು. ಎರಡು ಕಥೆಗೂ ಒಂದೇ ಪ್ರಶ್ನೆ ಹಾಕು: ಈ ಪಾತ್ರ ಬಾಯಿ ಬಿಟ್ಟಾಗ ಎದುರಿಗೆ ಯಾರಿದ್ದಾರೆ? ಮಂಗಮ್ಮನ ಎದುರಿಗೆ ಬೆಂಗಳೂರಿನ ಒಬ್ಬ ಗೃಹಿಣಿ ಇದ್ದಾಳೆ. ಮೊಸರು ಹಾಕಿಸಿಕೊಳ್ಳುತ್ತಾಳೆ, ಕೇಳುತ್ತಾಳೆ, ನಡುವೆ ಒಂದು ಮಾತು ಸೇರಿಸುತ್ತಾಳೆ. ಸೊಸೆಯ ಮಾತನ್ನೂ ಕೇಳಿಸಿಕೊಳ್ಳುತ್ತಾಳೆ. ಹಾಗಾಗಿ ಅಲ್ಲಿ ಜಗಳಕ್ಕೆ ಎರಡೂ ಕಡೆ ಮುಖ ಇದೆ. ಮುಖ ಇದ್ದ ಕಡೆ ರಾಜಿಗೆ ದಾರಿಯೂ ಇರುತ್ತದೆ. ಮೊಮ್ಮಗ ಅಜ್ಜಿಯ ಹತ್ತಿರ ಓಡಿಬಂದರೆ ಸಾಕು, ಒಲೆ ಮತ್ತೆ ಒಂದಾಗುತ್ತದೆ. ತಬರನ ಎದುರಿಗೆ ಇರುವುದು ಮೇಜು. ಅದರ ಹಿಂದೆ ಕೂತವನು ಇನ್ನೊಂದು ಮೇಜು ತೋರಿಸುತ್ತಾನೆ. ಅವನೂ ದುಷ್ಟನಲ್ಲ ಅನ್ನುವುದೇ ತೇಜಸ್ವಿಯವರ ಜಾಣತನ. ಜಗಳ ಆಡೋಣ ಅಂದರೂ ಎದುರಿಗೆ ಆಳಿಲ್ಲ. ಆಫೀಸಿಗೆ ಮೊಮ್ಮಗ ಎಲ್ಲಿಂದ ಬರಬೇಕು?

ಹಾಗಂತ ಮಾಸ್ತಿ ಮೆದು, ತೇಜಸ್ವಿ ಕಹಿ ಅಂತ ಬರೆದುಬಿಡಬೇಡ. ಆ ಮಗು ಅಜ್ಜಿಯ ಹತ್ತಿರ ಹೋದದ್ದು ಬರೀ ಪ್ರೀತಿಗೋ, ಮುದುಕಿಯ ದುಡ್ಡು ಬೇರೆಯವರ ಪಾಲಾಗದಿರಲಿ ಅನ್ನುವ ನಂಜಮ್ಮನ ಉಪಾಯಕ್ಕೋ? ನನಗೆ ಎರಡೂ ಅನಿಸುತ್ತದೆ. ನಗುನಗುತ್ತಾ ಓದಿಸಿಕೊಂಡು ಹೋಗುವ ಆ ಕಥೆಯ ತಳದಲ್ಲಿ ಸಣ್ಣದೊಂದು ಮುಳ್ಳಿದೆ.

ಲೇಖಕರ ಜೀವನವನ್ನು ಎಳೆದು ತಂದಿದ್ದೀಯಲ್ಲ, ಅದನ್ನು ತೆಗೆದುಬಿಡು. ಮಾಸ್ತಿ ಮೈಸೂರು ಸರ್ಕಾರದಲ್ಲಿ ಅಧಿಕಾರಿಯಾಗಿದ್ದವರು, ಬರೆದದ್ದು ಮೊಸರು ಮಾರುವವಳ ಬಗ್ಗೆ. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದವರು, ಬರೆದದ್ದು ಸರ್ಕಾರಿ ಕಚೇರಿಯ ಬಗ್ಗೆ. ಜೀವನದಿಂದ ಕಥೆ ಬಿಡಿಸುವ ಲೆಕ್ಕ ಇಲ್ಲೇ ತಲೆಕೆಳಗಾಯಿತು, ಅಲ್ವಾ? ಹಾಗೆಯೇ ‘ತಬರನ ಕಥೆ’ಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ 1986ರ ಸಿನಿಮಾವನ್ನೂ ಪಕ್ಕಕ್ಕಿಡು. ತಬರನಾಗಿ ನಟಿಸಿದ ಚಾರುಹಾಸನ್ ಅವರ ಆ ಮುಖಕ್ಕೆ ರಾಷ್ಟ್ರಪ್ರಶಸ್ತಿ ಸುಮ್ಮನೆ ಬರಲಿಲ್ಲ. ಆದರೆ ನಿನ್ನ ಲೇಖನದ ಎರಡು ಸಾಲು ಆ ಮುಖವನ್ನು ನೋಡಿ ಬರೆದದ್ದು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಅಚ್ಚಾಗಿರುವ ಕಥೆ ಓದಿ ಬರೆದದ್ದಲ್ಲ.

ಒಂದೇ ಕಥೆಯೊಳಗೂ ಜೋಡಿ ಇರುತ್ತದೆ. ಬಿಡುವಾದಾಗ ಅನಂತಮೂರ್ತಿಯವರ ‘ಮೌನಿ’ ಓದು. ಕುಪ್ಪಣ್ಣ ಭಟ್ಟ ಮಾತಾಡುವುದಿಲ್ಲ, ಅಪ್ಪಣ್ಣ ಭಟ್ಟ ವ್ಯವಹಾರಸ್ಥ. ಒಬ್ಬ ಒಳ್ಳೆಯವನು, ಇನ್ನೊಬ್ಬ ಕೆಟ್ಟವನು ಅಂತ ಮೊದಲ ಓದಿಗೆ ಅನಿಸಿದರೆ ಇನ್ನೊಂದು ಸಲ ಓದು.

ಈಗ ನನ್ನ ಮರ್ಯಾದೆ ಹೋದ ಕಥೆ ಹೇಳುತ್ತೇನೆ. ನಲವತ್ತು ವರ್ಷದ ಹಿಂದೆ ಒಂದು ಪತ್ರಿಕೆಗೆ ಕಥೆ ಕಳಿಸಿದ್ದೆ. ಅಣ್ಣ ತಮ್ಮಂದಿರ ಆಸ್ತಿ ಜಗಳ, ಪುಟಗಟ್ಟಲೆ ಸಂಭಾಷಣೆ. ವಾಪಸು ಬಂತು. ಬಿಚ್ಚಿ ನೋಡಿದರೆ ಸಂಪಾದಕರು ಪಾತ್ರಗಳ ಹೆಸರಿದ್ದ ಕಡೆಯೆಲ್ಲ ಶಾಯಿ ಬಳಿದಿದ್ದರು. ಅಂಚಿನಲ್ಲಿ ಒಂದೇ ಸಾಲು: ಈಗ ಮಾತಾಡುತ್ತಿರುವುದು ಯಾರು? ಕೂತು ಓದಿದೆ. ಬರೆದ ನನಗೇ ಗೊತ್ತಾಗಲಿಲ್ಲ! ಎರಡು ದಿನ ಊಟ ರುಚಿಸಲಿಲ್ಲ. ಆ ಹಾಳೆಗಳು ಈಗಲೂ ನನ್ನ ಹತ್ತಿರ ಇವೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಿನ್ನ ಕಥೆಯಲ್ಲಿ ಅಮ್ಮ ತೀರಿಕೊಂಡ ಹದಿನಾರನೇ ದಿನ ಅಕ್ಕ ತಂಗಿ ಅಡುಗೆಮನೆಯಲ್ಲಿ ಪಾತ್ರೆ ಹಂಚಿಕೊಳ್ಳುತ್ತಾರೆ. ಒಳ್ಳೆಯ ಜಾಗ ಹಿಡಿದಿದ್ದೀಯ. ಇಬ್ಬರೂ ‘ನನಗೇನೂ ಬೇಡ’ ಅನ್ನುತ್ತಾರೆ. ಇಬ್ಬರೂ ಒಂದೇ ಥರ ಅನ್ನುತ್ತಾರೆ, ಅಲ್ಲೇ ಎಡವಿದ್ದು. ಅಕ್ಕ ಹಾಗೆ ಅನ್ನುವಾಗ ಅವಳ ಕಣ್ಣು ಇಡ್ಲಿ ಪಾತ್ರೆಯ ಮೇಲಿದೆಯೋ, ತಂಗಿಯ ಮುಖದ ಮೇಲಿದೆಯೋ? ತಂಗಿಗೆ ನಿಜವಾಗಿಯೂ ಏನೂ ಬೇಡವೋ, ಅಥವಾ ಅಮ್ಮ ದಿನಾ ಕಾಫಿ ಕುಡಿಯುತ್ತಿದ್ದ ಲೋಟ ಯಾರೂ ಕೇಳದ ಹಾಗೆ ತನಗೆ ಉಳಿಯಲಿ ಅಂತಲೋ?

ಲೇಖನ ನಿಧಾನಕ್ಕೆ ತಿದ್ದು, ಅವಸರವಿಲ್ಲ. ಕಥೆಯನ್ನು ಮಾತ್ರ ಬೇಗ ಕಳಿಸು. ಈ ಸಲ ಅಕ್ಕನ ಹೆಸರು, ತಂಗಿಯ ಹೆಸರು ಎಲ್ಲೂ ಹಾಕಬೇಡ. ಯಾರು ಯಾರು ಅಂತ ನಾನೇ ಪೆನ್ಸಿಲಿನಲ್ಲಿ ಬರೆದು ವಾಪಸು ಕಳಿಸುತ್ತೇನೆ. ಎಷ್ಟು ಸರಿ ಬಂತು ಅಂತ ನೀನು ನೋಡು.

ಪ್ರೀತಿಯಿಂದ,
ನಿನ್ನ ಹಿರಿಯ ಓದುಗ