ಬಾಡಿಗೆದಾರರ ಪರಿಶೀಲನಾ ವರದಿಯಲ್ಲಿ ಬೇರೊಬ್ಬರ ಸಾಲವನ್ನು ನನ್ನ ಹೆಸರಿಗೆ ಸೇರಿಸಿರುವ ಬಗ್ಗೆ ದೂರು

ದಿನಾಂಕ: 4 ಆಗಸ್ಟ್ 2025
ಸ್ಥಳ: ಮಡಿಕೇರಿ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ,
ಬಾಡಿಗೆದಾರರ ಪರಿಶೀಲನಾ ಸಂಸ್ಥೆ, ಬೆಂಗಳೂರು.

ಮಾನ್ಯರೇ,

ಮಡಿಕೇರಿಯ ಮಹದೇವಪೇಟೆಯ ಬಳಿ ಎರಡು ಕೋಣೆಗಳ ಮನೆಯೊಂದನ್ನು ಬಾಡಿಗೆಗೆ ಪಡೆಯುವ ಸಲುವಾಗಿ, ಮನೆ ಮಾಲೀಕರ ಸೂಚನೆಯಂತೆ, ಜುಲೈ 8ರಂದು ನಿಮ್ಮ ಸಂಸ್ಥೆಗೆ ಜಿಎಸ್‌ಟಿ ಸೇರಿ 1,180 ರೂಪಾಯಿ ಕಟ್ಟಿ ನನ್ನ ವಿವರಗಳನ್ನು ಒಪ್ಪಿಸಿದ್ದೆ. ಜುಲೈ 15ರಂದು ನೀವು ಮಾಲೀಕರಿಗೆ ಕಳುಹಿಸಿದ ವರದಿಯಲ್ಲಿ, ನನ್ನ ಹೆಸರಿನಲ್ಲಿ ಪುನರ್‌ರಚನೆಯಾದ ಬೆಳೆ ಸಾಲವೊಂದು ಬಾಕಿ ಇದೆ ಎಂದೂ, ಹಿಂದಿನ ಮನೆ ಮಾಲೀಕರ ಅಭಿಪ್ರಾಯ ‘ಪ್ರತಿಕೂಲ’ವಾಗಿದೆ ಎಂದೂ ಬರೆದು, ನನ್ನನ್ನು ‘ಹೆಚ್ಚಿನ ಅಪಾಯ’ದ ಬಾಡಿಗೆದಾರನೆಂದು ಗುರುತಿಸಿದ್ದೀರಿ. ಎರಡೂ ಸುಳ್ಳು. ಮಹದೇವಪೇಟೆಯ ಮನೆಯ ಮಾಲೀಕರು ಮೈಸೂರಿನಲ್ಲಿರುವವರು, ನನ್ನನ್ನು ಒಮ್ಮೆಯೂ ಕಂಡವರಲ್ಲ. ವರದಿ ನೋಡಿ ಅವರು ಅಡ್ವಾನ್ಸ್ ಹಣವನ್ನು ಹಿಂದಿರುಗಿಸಿದ್ದಕ್ಕೆ ನಾನು ಅವರನ್ನು ದೂರುವುದಿಲ್ಲ.

ಮೊದಲು ಸಾಲದ ವಿಷಯ. ನಮ್ಮಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ, ವ್ಯಕ್ತಿಯ ಹೆಸರು ಆಮೇಲೆ. ಹಿರಿಯರ ಹೆಸರನ್ನೇ ಮೊಮ್ಮಕ್ಕಳಿಗೆ ಇಟ್ಟಿರುವುದರಿಂದ, ನಮ್ಮ ಒಕ್ಕದಲ್ಲಿ ಇಂದು ಬದುಕಿರುವವರಲ್ಲೇ ನನ್ನ ಪೂರ್ತಿ ಹೆಸರಿನವರು ಮೂವರಿದ್ದೇವೆ. ನೀವು ನನ್ನ ತಲೆಗೆ ಕಟ್ಟಿರುವ ಸಾಲ ದೊಡ್ಡಪ್ಪನ ಮಗನದು. ಅವರ ಕಾಫಿ ತೋಟ ಮಕ್ಕಂದೂರಿನ ಕಡೆ ಇದೆ. 2018ರ ಆಗಸ್ಟ್‌ನ ಮಳೆಯಲ್ಲಿ ಬೆಟ್ಟ ಕುಸಿದು ತೋಟದ ಒಂದು ಭಾಗವೇ ಮಣ್ಣಿನಡಿ ಹೋದ ಮೇಲೆ ಬ್ಯಾಂಕು ಆ ಸಾಲದ ಅವಧಿಯನ್ನು ವಿಸ್ತರಿಸಿಕೊಟ್ಟಿತು, ಅಣ್ಣ ಈಗಲೂ ಕಂತು ಕಟ್ಟುತ್ತಿದ್ದಾರೆ. (ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಪ್ರಕೃತಿ ವಿಕೋಪದಿಂದ ಮುಂದೂಡಲಾದ ಸಾಲವನ್ನು ಉದ್ದೇಶಪೂರ್ವಕ ಬಾಕಿಯಂತೆ ಕಾಣುವುದು ಅವರ ಮಟ್ಟಿಗೂ ಅನ್ಯಾಯವೇ.) ಅಣ್ಣನಿಗೂ ನನಗೂ ಹನ್ನೊಂದು ವರ್ಷ ಅಂತರ, ತಂದೆಯ ಹೆಸರು ಬೇರೆ, ಪ್ಯಾನ್ ಸಂಖ್ಯೆ ಬೇರೆ. ನನ್ನಿಂದ ಪ್ಯಾನ್ ಕಾರ್ಡಿನ ಪ್ರತಿಯನ್ನು ಪಡೆದುಕೊಂಡ ನೀವು ಅದನ್ನು ತಾಳೆ ನೋಡಿದ್ದರೆ ಈ ಪತ್ರದ ಅಗತ್ಯವೇ ಬರುತ್ತಿರಲಿಲ್ಲ. ವರದಿಯ ಮೂರನೆಯ ಪುಟದಲ್ಲಿ ‘ಹೆಸರು ಮತ್ತು ತಾಲ್ಲೂಕು ಹೊಂದಿಕೆಯಾಗಿದೆ’ ಎಂಬ ಒಂದೇ ಆಧಾರ ಕಾಣುತ್ತದೆ. ಕೊಡಗಿನ ಯಾವುದೇ ಒಕ್ಕವನ್ನು ಈ ಆಧಾರದ ಮೇಲೆ ಜಾಲಾಡಿದರೂ ಒಬ್ಬರ ಸಾಲ ಇನ್ನೊಬ್ಬರ ಹೆಗಲೇರದೆ ಇರದು.

ನಮ್ಮ ದೇಶದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ, ಜನರ ಸಾಲ ಮತ್ತು ಮರುಪಾವತಿಯ ದಾಖಲೆ ಇಡುವ ನಾಲ್ಕು ಸಾಲ ಮಾಹಿತಿ ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಾನು ನಾಲ್ಕನ್ನೂ ತರಿಸಿಕೊಂಡು ನೋಡಿದೆ. ಅವುಗಳಲ್ಲಿ ಎಲ್ಲಿಯೂ ಬೆಳೆ ಸಾಲವಿಲ್ಲ. ಇರುವುದು ಒಂದು ದ್ವಿಚಕ್ರ ವಾಹನದ ಸಾಲ, ಅದೂ ತೀರಿದೆ. ಹೆಚ್ಚಿದ್ದಷ್ಟೂ ಒಳ್ಳೆಯದೆನ್ನುವ 300ರಿಂದ 900ರ ಅಳತೆಯಲ್ಲಿ ಸಿಬಿಲ್ ಅಂಕ 781 ಇದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಜುಲೈ ತಿಂಗಳಲ್ಲಿ ಯಾರಾದರೂ ನನ್ನ ದಾಖಲೆಯನ್ನು ವಿಚಾರಿಸಿದ ಗುರುತು ಈ ನಾಲ್ಕರಲ್ಲಿ ಒಂದರಲ್ಲೂ ಇಲ್ಲ. ಹಾಗಾದರೆ ನಿಮಗೆ ಆ ಸಾಲದ ವಿವರ ಸಿಕ್ಕಿದ್ದು ಎಲ್ಲಿಂದ? 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಂತೆ ಇಂಥ ಮಾಹಿತಿ ಬ್ಯಾಂಕುಗಳಂಥ ನಿರ್ದಿಷ್ಟ ಬಳಕೆದಾರರಿಗೆ ಮಾತ್ರ ಮೀಸಲು. ನನ್ನ ಮೊಬೈಲಿಗೆ ಬಂದ ಒಟಿಪಿ ಸಂದೇಶದಲ್ಲಿ ‘ಗುರುತಿನ ದೃಢೀಕರಣಕ್ಕಾಗಿ’ ಎಂದಷ್ಟೇ ಇತ್ತು. ಸಾಲದ ಚರಿತ್ರೆಯನ್ನು ಕೆದಕಲು, ಅದನ್ನು ಮೂರನೆಯವರಿಗೆ ಕೊಡಲು ನಾನು ಒಪ್ಪಿಗೆ ಕೊಟ್ಟಿಲ್ಲ. ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು.

ಇನ್ನು ಹಿಂದಿನ ಮನೆಯವರ ಅಭಿಪ್ರಾಯ. ಪೊನ್ನಂಪೇಟೆ ತಾಲ್ಲೂಕಿನ ಶ್ರೀಮಂಗಲದ ಸಮೀಪ ನಾನು ನಾಲ್ಕು ವರ್ಷ ಬಾಡಿಗೆಗಿದ್ದೆ. ಮನೆಯೊಡತಿ ಎಪ್ಪತ್ತು ದಾಟಿದವರು. ನಿಮ್ಮ ಸಿಬ್ಬಂದಿ ಜುಲೈ 11 ಮತ್ತು 12ರಂದು ಅವರ ಮೊಬೈಲಿಗೆ ಎರಡು ಕರೆ ಮಾಡಿ, ಸಂಪರ್ಕ ಸಿಗದಿದ್ದಾಗ ಆ ಕಾಲಂನಲ್ಲಿ ‘ಪ್ರತಿಕೂಲ’ ಎಂದು ನಮೂದಿಸಿದ್ದಾರೆ. ಇದನ್ನು ನಿಮ್ಮ ಸಹಾಯವಾಣಿಯವರೇ ಫೋನಿನಲ್ಲಿ ನನಗೆ ಒಪ್ಪಿಕೊಂಡರು. ಆ ವಾರ ಮಳೆಗೆ ಮರ ಬಿದ್ದು ಅಲ್ಲಿ ಐದು ದಿನ ಕರೆಂಟ್ ಇರಲಿಲ್ಲ, ಟವರ್ ಸತ್ತಿತ್ತು. ಮಳೆಗಾಲದ ದಕ್ಷಿಣ ಕೊಡಗಿನಲ್ಲಿ ಇದು ಯಾರಿಗೂ ಸುದ್ದಿಯಲ್ಲ. ಉತ್ತರ ಸಿಗಲಿಲ್ಲ ಎಂದರೆ ಉತ್ತರ ಸಿಗಲಿಲ್ಲ ಎಂದು ಬರೆಯಬೇಕು. ಸಿಗದ ಉತ್ತರವನ್ನು ಕೆಟ್ಟ ಉತ್ತರವೆಂದು ಬರೆದುಕೊಳ್ಳಲು ನಿಮಗೆ ಅಧಿಕಾರ ಕೊಟ್ಟವರು ಯಾರು? ನಾಲ್ಕು ವರ್ಷದ ಬಾಡಿಗೆಯನ್ನು ನಾನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಯುಪಿಐ ಮೂಲಕ ಕಟ್ಟಿದ್ದು ಬ್ಯಾಂಕ್ ಪುಸ್ತಕದಲ್ಲಿದೆ. ಅದನ್ನು ಅರ್ಜಿಯ ಜೊತೆಗೇ ಕೊಟ್ಟಿದ್ದೆ, ಅದನ್ನು ತೆರೆದು ನೋಡಿದ ಲಕ್ಷಣ ವರದಿಯಲ್ಲಿ ಕಾಣುವುದಿಲ್ಲ. ಮನೆಯೊಡತಿ ತಮ್ಮ ಕೈಬರಹದಲ್ಲೇ ಬರೆದುಕೊಟ್ಟ ಪತ್ರವನ್ನು ಈಗ ಲಗತ್ತಿಸಿದ್ದೇನೆ.

ಇದ್ದಬದ್ದ ಮನೆಗಳೆಲ್ಲ ಹೋಂಸ್ಟೇಗಳಾಗುತ್ತಿರುವ ಈ ಊರಿನಲ್ಲಿ ಸಂಸಾರಕ್ಕೆ ಒಗ್ಗುವ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟವೆಂಬುದನ್ನು ಬೆಂಗಳೂರಿನಲ್ಲಿ ಕುಳಿತವರಿಗೆ ವಿವರಿಸುವುದು ಸುಲಭವಲ್ಲ. ಜೂನ್‌ನಲ್ಲಿ ಇಲ್ಲಿನ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ನಾನು ಇಂದಿಗೂ ಸ್ನೇಹಿತರೊಬ್ಬರ ಮನೆಯ ಒಂದು ಕೋಣೆಯಲ್ಲಿ ಹೆಂಡತಿ, ಮಗಳೊಂದಿಗೆ ಇದ್ದೇನೆ.

ಆದ್ದರಿಂದ, ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ವರದಿಯಿಂದ ಆ ಸಾಲದ ನಮೂದನ್ನೂ ‘ಪ್ರತಿಕೂಲ’ ಎಂಬ ಪದವನ್ನೂ ತೆಗೆದು, ತಿದ್ದಿದ ವರದಿಯನ್ನು ತಪ್ಪೊಪ್ಪಿಗೆಯ ಟಿಪ್ಪಣಿಯೊಂದಿಗೆ ಮನೆ ಮಾಲೀಕರಿಗೂ ನನಗೂ ಕಳುಹಿಸಬೇಕು. ನಾನು ಕಟ್ಟಿದ 1,180 ರೂಪಾಯಿಯನ್ನು ಮರಳಿಸಬೇಕು. ಮಾಹಿತಿಯ ಮೂಲ ಯಾವುದೆಂದು ಬರವಣಿಗೆಯಲ್ಲಿ ತಿಳಿಸಿ, ನನ್ನ ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ನಿಮ್ಮ ಕಡತದಿಂದ ಅಳಿಸಬೇಕು. ಸಾಲ ಮಾಹಿತಿ ಕಂಪನಿ ಅಥವಾ ಬ್ಯಾಂಕು ತಿದ್ದುಪಡಿಯ ದೂರನ್ನು ಮೂವತ್ತು ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ನಮಗೆ ಅನ್ವಯಿಸದು ಎಂದು ನೀವು ಹೇಳಬಹುದು, ಹೇಳಿ. ಆದರೆ ಶುಲ್ಕ ಪಡೆದು ಕೊಟ್ಟ ಸೇವೆಯಲ್ಲಿನ ನ್ಯೂನತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಮತ್ತು ಆ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಅವಧಿ ಮೀರಿದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ನಾಲ್ಕು ಕಂಪನಿಗಳ ವರದಿಗಳು, ಪ್ಯಾನ್ ಪ್ರತಿ, ಬ್ಯಾಂಕ್ ಪುಸ್ತಕದ ಪುಟಗಳು ಹಾಗೂ ಮನೆಯೊಡತಿಯ ಪತ್ರ ಇದರೊಂದಿಗಿವೆ. ಉತ್ತರವನ್ನು ಮಿಂಚಂಚೆಯ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಿ. ಈ ಮಳೆಯಲ್ಲಿ ನಮಗೆ ನೆಟ್‌ವರ್ಕಿಗಿಂತ ಅಂಚೆಯಣ್ಣನ ಮೇಲೆಯೇ ಭರವಸೆ ಹೆಚ್ಚು.

ಇತಿ ತಮ್ಮ ವಿಶ್ವಾಸಿ,
(ಸಹಿ)