ನೀನು ಹೊಡೆದುಹಾಕಿದ ಸಾಲು

ಪ್ರೀತಿಯ ತಂಗಿ,

ಶಹಾಪುರದಿಂದ ನೀನು ಕಳಿಸಿದ ಆರೂ ಕತೆ ಓದಿದೆ. ಕಾಗುಣಿತ, ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು, ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ಬಿಡು. ಪತ್ರದ ಕೊನೆಗೆ ನೀನು ಬರೆದಿದ್ದೀಯಲ್ಲ, "ಎರಡು ಕಡೆಯಿಂದ ವಾಪಸ್ ಬಂದವು ಸರ್, ಇವಕ್ಕೆ ಬೆಲೆ ಇದೆಯಾ, ಸುಮ್ನೆ ಬರೀತಿದ್ದೀನಾ" ಅಂತ. ಆ ಮಾತು ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ.

ಕನಗನಹಳ್ಳಿ ನೋಡಿದ್ದೀಯಾ? ಸನ್ನತಿ ಹತ್ತಿರ, ಭೀಮೆಯ ದಂಡೆಯಲ್ಲಿದೆ. ಸನ್ನತಿಯ ಚಂದ್ರಲಾಂಬೆ ಗುಡಿಗೆ ಹೋದ ಎಷ್ಟೋ ಜನ ಕನಗನಹಳ್ಳಿಗೆ ಹೋಗದೆ ಬಂದುಬಿಡುತ್ತಾರೆ. 1990ರ ದಶಕದಲ್ಲಿ ಅಲ್ಲಿ ನೆಲ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ ಕಲ್ಲಿನ ಹಾಗೆ ಅದೂ ಸುಣ್ಣಕಲ್ಲೇ. ಒಂದು ಹಲಗೆಗಲ್ಲಿನ ಮೇಲೆ ರಾಜ, ಪಕ್ಕದಲ್ಲಿ ರಾಣಿ, ಕೊಡೆ ಚಾಮರ ಹಿಡಿದ ಹೆಂಗಸರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ', ಅಂದರೆ ರಾಜ ಅಶೋಕ, ಅಂತ ಬರೆದಿದೆ. ಅಶೋಕ ತೀರಿಹೋಗಿ ತಲೆಮಾರುಗಳೇ ಕಳೆದ ಮೇಲೆ ಕೆತ್ತಿದ್ದು. ಕೆತ್ತಿದವನು ಅಶೋಕನನ್ನು ಕಂಡಿರಲಿಲ್ಲ. ಹಾಗಾದರೆ ಯಾರನ್ನು ನೋಡಿ ಕೆತ್ತಿದ? ತನ್ನ ಸುತ್ತಲಿನ ಮನುಷ್ಯರನ್ನು, ಅಂತಲೇ ನಾನು ನಂಬಿದ್ದೇನೆ. ಆಮೇಲೆ ಆ ಕಲ್ಲು ಶತಮಾನಗಟ್ಟಲೆ ಮಣ್ಣಿನಡಿ ಬಿದ್ದಿತ್ತು. ಯಾರೂ ಹೊಗಳಲಿಲ್ಲ. ಆಗ ಅದಕ್ಕೆ ಬೆಲೆ ಇರಲಿಲ್ವಾ? ಇತ್ತು. ಅವನು ಕಣ್ಣಿಟ್ಟು ನೋಡಿದ್ದ, ಅಷ್ಟೇ ಸಾಕಿತ್ತು.

ನನಗೆ ಇದೊಂದೇ ಹುಚ್ಚು, ನೋಡೋದು. ನಿನ್ನ ಐದು ಕತೆಗಳಲ್ಲಿ ನೀನು ಏನನ್ನೂ ನೋಡಿಲ್ಲ. ಸಿಟ್ಟಾಗಬೇಡ. ಒಂದು ಕತೆಯಲ್ಲಿ ರೋಗ ಬಂದು ತೊಗರಿ ಒಣಗಿ ಹೋದಾಗ ಅಪ್ಪ "ವಿಧಿ ನಮ್ಮನ್ನು ವಂಚಿಸಿತು" ಅನ್ನುತ್ತಾನೆ. ನಿಮ್ಮ ಊರಲ್ಲಿ ಯಾರು ಹೀಗೆ ಮಾತಾಡ್ತಾರೆ? "ತೊಗರಿಗಿ ನೆಟಿ ಬಂದದ" ಅಂತಾರೆ, ಸುಮ್ಮನೆ ಕಟ್ಟೆ ಮೇಲೆ ಕೂತುಬಿಡ್ತಾರೆ. ನಿನಗೆ ಇದು ಗೊತ್ತಿಲ್ವಾ?

ನಾನೂ ಅದೇ ತಪ್ಪು ಮಾಡಿದವನು. "ಕಲಬುರಗಿ ಮಾತು ಓದುಗರಿಗೆ ತಿಳಿಯಲ್ಲ, ತಿದ್ದಿ ಕಳಿಸಿ" ಅಂದರು ಒಬ್ಬ ಸಂಪಾದಕರು. ತಿದ್ದಿದೆ. ನನ್ನವ್ವನ "ಉಂಡೀ ಏನೋ ಯಪ್ಪಾ" ಹೋಗಿ "ಊಟವಾಯಿತೇ ಮಗು" ಆಯಿತು. ಕತೆಗೆ ಬಹುಮಾನ ಬಂತು. ಅವ್ವನಿಗೆ ಓದು ಬರ್ತಿರಲಿಲ್ಲ, ನಾನೇ ಓದಿ ಹೇಳಿದೆ. ಪೂರ್ತಿ ಕೇಳಿ "ಯಾರ ಮನಿ ಕತಿ ಇದು?" ಅಂದಳು. ಆ ಸಂಪಾದಕರ ಮೇಲಿನ ಸಿಟ್ಟು ಇನ್ನೂ ಇದೆ. ನನ್ನ ಮೇಲಿನದು ಅದಕ್ಕಿಂತ ಜಾಸ್ತಿ. ಅವ್ವ ಹೋದ ಮೇಲೆ ಆ ಕತೆಯನ್ನು ಮೊದಲಿದ್ದ ಹಾಗೆ ಬರೆಯಲು ಎಷ್ಟೋ ಸಲ ಕೂತೆ. ಅವಳ ಮಾತು ಸಿಗಲಿಲ್ಲ.

ಈಗ ನಿನ್ನ ಆರನೇ ಕತೆ. ಮುತ್ಯಾ ಒಣಗಿದ ತೊಗರಿ ಗಿಡ ಕಿತ್ತು, ಕಾಂಡ ಸೀಳಿ, ಒಳಗಿನ ನೆಟಿ ರೋಗದ ಕಪ್ಪು ಗೆರೆಯನ್ನು ಉಗುರಿನಿಂದ ಕೆರೆಯುತ್ತಾನೆ. ಯಾರಿಗೂ ತೋರಿಸದೆ ಆ ಕಡ್ಡಿಯನ್ನು ಅಂಗಿ ಕಿಸೆಗೆ ಹಾಕಿಕೊಳ್ಳುತ್ತಾನೆ. ಓದುವಾಗ ನನ್ನ ಕೈ ನಿಂತುಹೋಯಿತು. ಅದನ್ನು ನೀನು ನೋಡಿದ್ದೀ, ಹೌದಲ್ವಾ? ಆದರೆ ಆ ಸಾಲಿನ ಮೇಲೇ ಪೆನ್ಸಿಲ್‌ನಿಂದ ಗೆರೆ ಎಳೆದು ಹೊಡೆದುಹಾಕಿದ್ದೀ. ಯಾರು ಹೇಳಿದರು ಅದು ಬೇಡ ಅಂತ?

ಆ ಗೆರೆ ಅಳಿಸು, ತಂಗಿ. ಕತೆಯನ್ನು ಅಲ್ಲಿಂದ ಮತ್ತೆ ಬರೆದು ಕಳಿಸು. ಮನೆಗೆ ಬಂದ ಮೇಲೆ ಮುತ್ಯಾನ ಅಂಗಿ ಒಗೆದವರು ಯಾರು, ಕಿಸೆಯಲ್ಲಿದ್ದ ಕಡ್ಡಿ ನೋಡಿ ಅವರು ಏನಂದರು? ನನಗೆ ತಿಳಿಯಬೇಕು.

ಕಲಬುರಗಿಯಿಂದ,
ನಿನ್ನ ಅಣ್ಣ