ಡಿಸ್ಪ್ರೋಸಿಯಂ ಲ್ಯಾಬಿಗೆ ಸೇರಿದ ಸೊಸೆಗೆ ಒಂದು ಪತ್ರ

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಡಿಸ್ಪ್ರೋಸಿಯಂ ಎಂಬ ಲೋಹದ ಪರಮಾಣುಗಳನ್ನು ಲೇಸರಿನಿಂದ ಹಿಡಿದು ಅತಿ ತಂಪಾಗಿಸುವ ಲ್ಯಾಬಿಗೆ ಸೇರಿಕೊಂಡೆಯೆಂದು ಅಕ್ಕ ಹೇಳಿದಳು. ರುಬಿಡಿಯಂನಲ್ಲಿ ಪಳಗಿದ ಕೈ ನಿನ್ನದು. ಆ ಅಭ್ಯಾಸವೇ ಇಲ್ಲಿ ಕಾಲೆಳೆಯುತ್ತದೆ. ರುಬಿಡಿಯಂ ಪರಮಾಣುವಿನ ಕಾಂತ ಮೊಮೆಂಟ್, ಅಂದರೆ ಅದು ಎಷ್ಟು ಬಲದ ಪುಟ್ಟ ಅಯಸ್ಕಾಂತ ಎಂಬ ಅಳತೆ, ಹೆಚ್ಚೆಂದರೆ 1 ಬೋರ್ ಮ್ಯಾಗ್ನೆಟಾನ್ (ಅದರ ಮಾನ), ಡಿಸ್ಪ್ರೋಸಿಯಂನದು 10. ಎರಡು ಪರಮಾಣುಗಳ ನಡುವಿನ ಕಾಂತಬಲ ವರ್ಗದ ಲೆಕ್ಕದಲ್ಲಿ ಏರುವುದರಿಂದ ನೂರು ಪಟ್ಟು.

ಕಾಂತ ಟ್ರ್ಯಾಪಿನಲ್ಲಿ ತಂಪಾಗಿಸುವ ಆಸೆ ಬಿಡು. ಅಲ್ಲಿ ನಿಲ್ಲುವುದು ಹೆಚ್ಚು ಶಕ್ತಿಯ, ಮೇಲಿನ ಸ್ಪಿನ್ ಸ್ಥಿತಿಗಳು ಮಾತ್ರ. ಎರಡು ಪರಮಾಣು ಡಿಕ್ಕಿಯಾದರೆ ಸ್ಪಿನ್ ಕೆಳಗೆ ಜಾರಿ, 1 ಗಾಸ್ (ಕಾಂತಕ್ಷೇತ್ರದ ಮಾನ) ಕ್ಷೇತ್ರದಲ್ಲಿ ಪ್ರತಿ ಮೆಟ್ಟಿಲಿಗೆ 83 ಮೈಕ್ರೋಕೆಲ್ವಿನ್‌ನಷ್ಟು ಶಕ್ತಿ ಸಿಡಿಯುತ್ತದೆ. ಎರಡೂ ಹೊರಕ್ಕೆ. ಆದ್ದರಿಂದ ಬೇಕಾದದ್ದು ಸ್ಪಿನ್ ಮೆಟ್ಟಿಲುಗಳಲ್ಲಿ ತೀರ ಕೆಳಗಿನ −8 ಸ್ಥಿತಿ, ಬೆಳಕಿನ ಟ್ರ್ಯಾಪ್. 626 ನ್ಯಾನೋಮೀಟರ್ ಬೆಳಕಿನ ಗೆರೆ 136 ಕಿಲೋಹರ್ಟ್ಸ್‌ನಷ್ಟು ಸಣ್ಣದು. ಪರಮಾಣುಗಳ ಮೋಡ ಗುರುತ್ವಕ್ಕೆ ಜೋತು ಕೆಳಗಿಳಿದು ತಾನಾಗಿಯೇ −8ಕ್ಕೆ ಬರುತ್ತದೆ. ಮೇಲಿನಿಂದ ಕಿರಣವೇ ಬೇಡ, ಐದು ಸಾಕು. ಆದರೆ ಲೇಸರ್ ಆವರ್ತನ ಸ್ವಲ್ಪ ಸರಿದರೂ ಮೋಡದ ಎತ್ತರ ಬದಲಾಗುತ್ತದೆ. ಬೆಳಿಗ್ಗೆ ಚೆನ್ನಾಗಿ ತುಂಬಿದ ಟ್ರ್ಯಾಪ್ ಮಧ್ಯಾಹ್ನ ಬರಿದಾದರೆ ಕನ್ನಡಿಗಳಿಗೆ ಕೈ ಹಾಕಬೇಡ, ಮೊದಲು ಆ ಎತ್ತರ ನೋಡು.

ಈಗ ನಿಜವಾದ ತಲೆನೋವು, ಕಾಂತಕ್ಷೇತ್ರ. ಕಾಯಿಲಿನ ಕರೆಂಟ್ ಲೆಕ್ಕ ನಂಬಬೇಡ. ರೇಡಿಯೋ ಆವರ್ತನ ಹಾಯಿಸಿ ಪರಮಾಣು ಕಳೆದುಹೋಗುವ ಜಾಗ ಹಿಡಿ; 1 ಗಾಸ್‌ಗೆ 1.74 ಮೆಗಾಹರ್ಟ್ಸ್. ಒಂದು ಮಿಲಿಗಾಸ್ ತಪ್ಪು 1.74 ಕಿಲೋಹರ್ಟ್ಸ್ ಆಗಿ ಕಣ್ಣಿಗೆ ಬೀಳುತ್ತದೆ. ಆ ಜಾಗ ಪ್ರಯೋಗದ ಒಂದು ಓಟದಿಂದ ಇನ್ನೊಂದಕ್ಕೆ ಕುಣಿಯುತ್ತಿದ್ದರೆ ಮೊದಲ ಗುಮಾನಿ ಗೋಡೆಯ 50 ಹರ್ಟ್ಸ್ ವಿದ್ಯುತ್ತಿನ ಮೇಲಿರಲಿ. ಓಟದ ಆರಂಭವನ್ನು ಮೇನ್ಸ್‌ನ ಒಂದೇ ಹಂತಕ್ಕೆ ಕಟ್ಟು. ಇಷ್ಟೇಕೆ? ಇಲ್ಲಿ ಫೆಶ್‌ಬಾಕ್ ರೆಸೊನೆನ್ಸುಗಳು, ಅಂದರೆ ಡಿಕ್ಕಿಯ ಬಲ ಥಟ್ಟನೆ ಬದಲಾಗುವ ಕ್ಷೇತ್ರದ ಬೆಲೆಗಳು, ರಾಗಿ ಚೆಲ್ಲಿದ ಹಾಗೆ, ಗಾಸ್‌ಗೆ ಹಲವಾರು. ಕ್ಷೇತ್ರ ನಿಧಾನವಾಗಿ ಏರಿಸಿದರೆ ದಾರಿಯಲ್ಲೇ ಪರಮಾಣುಗಳು ಸೋರುತ್ತವೆ. 0ರಿಂದ 6 ಗಾಸ್‌ವರೆಗೆ 10 ಮಿಲಿಗಾಸ್ ಹೆಜ್ಜೆಯಲ್ಲಿ ನಷ್ಟದ ನಕ್ಷೆ ತೆಗೆ, ಎಲ್ಲಿ ಮೌನವೋ ಅಲ್ಲಿ ಆವಿಯಾಗಿಸು (ಬಿಸಿ ಪರಮಾಣುಗಳನ್ನು ಹೊರಬಿಟ್ಟು ಉಳಿದವನ್ನು ತಂಪಾಗಿಸು), ರೆಸೊನೆನ್ಸನ್ನು ಚುರುಕಾಗಿ ದಾಟು. ಕಿರಿದಾದವು 10 ಮಿಲಿಗಾಸ್ ಹೆಜ್ಜೆಗೂ ಸಿಗದೆ ನುಸುಳುತ್ತವೆ. ನೀನು ನಿಲ್ಲುವ ಜಾಗದ ಸುತ್ತ ಇನ್ನೂ ಸಣ್ಣ ಹೆಜ್ಜೆ ಇಡು.

ದಿಕ್ಕೂ ಮುಖ್ಯ. ಊದುಬತ್ತಿಯಂತೆ ಉದ್ದದ ಮೋಡ ಕ್ಷೇತ್ರದ ನೇರಕ್ಕಿದ್ದರೆ ಆಕರ್ಷಣೆ ಗೆದ್ದು ಕುಸಿಯುವ ಭಯ; ಕ್ಷೇತ್ರಕ್ಕೆ ಅಡ್ಡವಾಗಿ ದೋಸೆಯಂತೆ ಚಪ್ಪಟೆಯಿದ್ದರೆ ವಿಕರ್ಷಣೆ ಕಾಯುತ್ತದೆ. ಈ ಕಾಂತಬಲದ ಅಳತೆಯಾದ ಡೈಪೋಲ್ ಉದ್ದ ಸುಮಾರು 130 ಬೋರ್ ತ್ರಿಜ್ಯ (ಹೈಡ್ರೋಜನ್ ಪರಮಾಣುವಿನ ಅಳತೆ). ಚದುರಿಕೆಯ ಉದ್ದವನ್ನು (ಡಿಕ್ಕಿಯಲ್ಲಿ ಪರಮಾಣುಗಳು ಒಂದನ್ನೊಂದು ತಳ್ಳುವ ಬಲದ ಅಳತೆ) ರೆಸೊನೆನ್ಸಿನ ಬಳಿ ಅದಕ್ಕಿಂತ ಇಳಿಸಿದರೆ ಮೋಡ ಪೂರ್ತಿ ಕುಸಿಯಬೇಕಿತ್ತು. ಸ್ಟುಟ್‌ಗಾರ್ಟ್‌ನಲ್ಲಿ ಕಂಡು 2016ರಲ್ಲಿ ಪ್ರಕಟವಾದದ್ದು ಬೇರೆಯೇ, ಕ್ವಾಂಟಂ ಕಂಪನ ತಡೆದು ನಿಲ್ಲಿಸಿದ ಹನಿಗಳು. 2019ರ ಸೂಪರ್‌ಸಾಲಿಡ್‌ಗಳೂ (ಘನದಂತೆ ಸಾಲುಗಟ್ಟಿಯೂ ತಡೆಯಿಲ್ಲದೆ ಹರಿಯುವ ಸ್ಥಿತಿ) ಅದೇ ದಾರಿಯವು. ಡಿಸ್ಪ್ರೋಸಿಯಂನ 162 ಐಸೊಟೋಪಿನಲ್ಲಿ 5.1 ಗಾಸ್ ಬಳಿ ಹುಡುಕು. ಹನಿ ದಟ್ಟ, ಮೂರು ಪರಮಾಣುಗಳ ಡಿಕ್ಕಿಯಲ್ಲಿ ಬೇಗ ಸವೆಯುತ್ತದೆ. ಚಿತ್ರ ತಡವಾಗಿ ತೆಗೆದು 'ಬರಲಿಲ್ಲ' ಅನ್ನಬೇಡ.

ಮೊದಲ ನಷ್ಟದ ನಕ್ಷೆ ಕಳಿಸು. ಅಡ್ಡಗೀಟಿನಲ್ಲಿ ಕಾಯಿಲಿನ ಆಂಪಿಯರ್ ಬೇಡ, ಅಳೆದ ಗಾಸ್ ಇರಲಿ.

ನಿನ್ನ ಮಾವ